ಮರುಗುವವರು ಅಂಗಳದಲ್ಲಿ ನಿಲ್ಲಬಾರದು

"ಇಲ್ಲಿ ಯಾರೋ ಮರುಗ್ತಾ ಇದ್ದೀರಿ. ದಯವಿಟ್ಟು ಒಳಗೆ ಹೋಗಿ."

ಕತ್ತಿ ಹಿಡಿದು ನಿಂತವನು ಹಾಗೆಂದಾಗ ಅಂಗಳದಲ್ಲಿದ್ದ ಎಂಟು ಹತ್ತು ಜನರ ಕಣ್ಣು ಒಟ್ಟಿಗೆ ಇಲಿಂಕಾಳ ಕಡೆ ತಿರುಗಿತು.

ಅವಳ ಕೆನ್ನೆ ಬಿಸಿಯಾಯಿತು. ನನ್ನನ್ನೇ ಅಂದಿದ್ದು!

ಅಂದು ಡಿಸೆಂಬರ್ ಇಪ್ಪತ್ತು, ಇಗ್ನಾಟ್ ಸಂತನ ದಿನ. ರೊಮೇನಿಯಾದ ಫಗರಾಶ್ ಬೆಟ್ಟಗಳ ಬುಡದ ಆ ಹಳ್ಳಿಯಲ್ಲಿ, ಕ್ರಿಸ್‌ಮಸ್‌ಗೆಂದು ವರ್ಷವಿಡೀ ಸಾಕಿದ ಹಂದಿಯನ್ನು ಆ ಬೆಳಗ್ಗೆ ಮನೆಮನೆಯಲ್ಲೂ ಕಡಿಯುತ್ತಾರೆ. ವೇತಾ ಚಿಕ್ಕಮ್ಮನ ಮನೆಯಲ್ಲೂ ಅಷ್ಟೇ. ಚಿಕ್ಕಮ್ಮ ಹಿಮದಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡಿದ್ದಳು. ಅವಳ ಸಹಾಯಕ್ಕೆಂದು ಇಲಿಂಕಾ ಕ್ಲುಜ್ ನಗರದಿಂದ ಬಂದು ನಾಲ್ಕು ದಿನವಾಗಿತ್ತು. ನಡುವೆ ಈ ದಿನ ಬರುತ್ತದೆಂದು ಗೊತ್ತಿದ್ದೇ ಬಂದಿದ್ದಳು.

ಅವಳ ವಿಷಯವೂ ಊರಿಗೆಲ್ಲ ಗೊತ್ತಿತ್ತು. ಕಸಾಯಿಖಾನೆಗಳ ಬಾಗಿಲಲ್ಲಿ ಫಲಕ ಹಿಡಿದು ನಿಲ್ಲುವ ಗುಂಪಿನವಳು. ಮೂವತ್ಮೂರು ವರ್ಷ, ಮದುವೆಯಿಲ್ಲ. ಮಾಂಸ, ಮೊಟ್ಟೆ, ಹಾಲು ಯಾವುದನ್ನೂ ಮುಟ್ಟುವುದಿಲ್ಲ.

"ಯಾರು ಅಂತ ಕೇಳ್ಬೇಕಾ ಪಾವೆಲ್? ನಮ್ಮ ಹುಲ್ಲು ತಿನ್ನೋ ಮಹಾರಾಣಿ ಅಲ್ವಾ!" ಪಕ್ಕದ ಮನೆಯ ತ್ರಯಾನ್ ಮಾವ ಗಹಗಹಿಸಿ ನಕ್ಕ. "ಅವಳು ಅಳೋಕೆ ಕೂತ್ರೆ ಈ ಹಂದಿ ಈಸ್ಟರ್‌ವರೆಗೂ ಸಾಯಲ್ಲ!"

ಮರುಗುವವರು ಹತ್ತಿರವಿದ್ದರೆ ಹಂದಿಯ ಜೀವ ಸಲೀಸಾಗಿ ಹೋಗುವುದಿಲ್ಲ ಎಂಬುದು ಅಲ್ಲಿನ ನಂಬಿಕೆ. ಮೃದು ಮನಸ್ಸಿನವರನ್ನು ಆ ಹೊತ್ತಿಗೆ ಒಳಗೆ ಕಳುಹಿಸಿ ಬಾಗಿಲು ಹಾಕುವುದು ಹಿಂದಿನಿಂದ ಬಂದ ರೂಢಿ.

"ಮರುಗುವವರು ಯಾಕೆ ಹೋಗಬೇಕು?" ಇಲಿಂಕಾ ತಿರುಗಿ ಕೇಳಿದಳು. "ಮರುಕ ಇಲ್ಲದವರು ಹೋಗಲಿ!"

ಮತ್ತೆ ನಗು. ಆದರೆ ಕತ್ತಿ ಹಿಡಿದ ಪಾವೆಲ್ ನಗಲಿಲ್ಲ. ವರ್ಷದ ಉಳಿದ ದಿನಗಳಲ್ಲಿ ಅವನು ಶಾಲಾಮಕ್ಕಳ ಬಸ್ಸಿನ ಚಾಲಕ. ಊರಿನ ಹಂದಿಗಳನ್ನು ಕಡಿಯುತ್ತಿದ್ದ ಅಪ್ಪ ತೀರಿಕೊಂಡ ಮೇಲೆ, ಈ ಒಂದು ವಾರದ ಮಟ್ಟಿಗೆ ಅಪ್ಪನ ಕತ್ತಿ ಅವನ ಪಾಲಿಗೆ ಬಂದಿತ್ತು.

"ಸಿಟ್ಟಿದ್ರೆ ಆಮೇಲೆ ಎಷ್ಟಾದ್ರೂ ಬೈಯಿರಿ," ಎಂದ ಮೆಲ್ಲಗೆ. "ಈಗ ಒಳಗೆ ಹೋಗಿ. ಇಲ್ಲದಿದ್ರೆ ಹಂದಿಗೇ ನೋವು ಜಾಸ್ತಿ."

ಅವಳು ಹೋಗಲಿಲ್ಲ. ಜೇಬಿನಿಂದ ಫೋನ್ ತೆಗೆದು ಎದುರಿಗೆ ಹಿಡಿದಳು.

ಕತ್ತಿ ತಪ್ಪಿತು.

ಆಮೇಲೆ ಕೇಳಿದ ಕೂಗು... ಅದು ಎಷ್ಟು ಹೊತ್ತು ಇತ್ತೋ! ನಾಲ್ಕು ಗಂಡಸರು ಮೈಮೇಲೆ ಬಿದ್ದು ಹಿಡಿದುಕೊಂಡಿದ್ದರೂ ನಿಲ್ಲಲಿಲ್ಲ. ಎರಡನೇ ಏಟಿಗೂ ನಿಲ್ಲಲಿಲ್ಲ. ಕೊನೆಗೆ ನಿಂತಾಗ ಅಂಗಳದಲ್ಲಿ ಯಾರ ಮುಖದಲ್ಲೂ ನಗುವಿರಲಿಲ್ಲ.

"ನಿನ್ನಿಂದಲೇ ಆಗಿದ್ದು!" ತ್ರಯಾನ್ ಮಾವ ಅವಳತ್ತ ಬೆರಳು ಮಾಡಿದ. "ಅವನು ಹೋಗು ಅಂದಾಗ ಹೋಗಬಾರ್ದಿತ್ತಾ? ಇಷ್ಟು ವರ್ಷದಲ್ಲಿ ಒಂದು ಪ್ರಾಣಿ ಹೀಗೆ ಒದ್ದಾಡಿದ್ದಿಲ್ಲ!"

"ನಾನು ಏನೂ ಮಾಡಿಲ್ಲ..."

ಇಲಿಂಕಾ ಪಾವೆಲ್‌ನ ಕಡೆ ನೋಡಿದಳು. ಒಂದು ಮಾತು... ಕತ್ತಿ ಹಿಡಿದಿದ್ದವನು ತಾನು ಎಂದು ಒಂದೇ ಒಂದು ಮಾತು ಆಡಬಾರದೇ? ಅವನು ತಲೆ ತಗ್ಗಿಸಿ ಹಿಮ ಬಾಚಿಕೊಂಡು ಕೈ ಉಜ್ಜುತ್ತಲೇ ಇದ್ದ.

ಛೆ! ಇವನೆಂಥ ಮನುಷ್ಯ!

ಆ ಸಿಟ್ಟಿನಲ್ಲೇ ಒಳಗೆ ಹೋಗಿ, ಗುಂಪಿನ ಗೆಳತಿ ರೊಕ್ಸಾನಾಗೆ ಆ ವಿಡಿಯೋ ಕಳುಹಿಸಿಬಿಟ್ಟಳು. ಮುಖ ಕಾಣದ ಹಾಗೆ ಮಾಡಿ ಹಾಕು ಎಂದು ಜೊತೆಗೊಂದು ಸಾಲು ಬರೆದಳು. ಕೂಗು ಇನ್ನೂ ಕಿವಿಯಲ್ಲೇ ಇತ್ತು.

ಮಧ್ಯಾಹ್ನ, ರೂಢಿಯ ಪ್ರಕಾರ, 'ಹಂದಿಯ ಹೆಸರಿನ ಊಟ'. ಸಹಾಯಕ್ಕೆ ಬಂದವರಿಗೆಲ್ಲ ಬಿಸಿ ಹುರಿದ ಮಾಂಸ, ಮೆಕ್ಕೆಜೋಳದ ಮುದ್ದೆ, ಉಪ್ಪಿನಲ್ಲಿ ಹಾಕಿದ ಕೋಸು, ಪ್ಲಮ್ ಹಣ್ಣಿನ ಸಾರಾಯಿ. ಇಲಿಂಕಾ ಮೇಜಿನ ತುದಿಯಲ್ಲಿ ಒಬ್ಬಳೇ ಅವರೆಕಾಳಿನ ಗೊಜ್ಜಿನ ಮುಂದೆ ಕುಳಿತಿದ್ದಳು.

"ನಮ್ಮ ಹುಡುಗಿಗೆ ವರ್ಷವಿಡೀ ವ್ರತ. ಸನ್ಯಾಸಿನಿಯರೂ ಸೋಲಬೇಕು!" ಎಂದು ಚಿಕ್ಕಮ್ಮ ತೇಲಿಸಿ ಹೇಳಿ ಎಲ್ಲರನ್ನೂ ಸಮಾಧಾನಪಡಿಸುತ್ತಿದ್ದಳು.

ಆಗ ಎದುರಿನ ಬೆಂಚು ಕಿರುಗುಟ್ಟಿತು. ಪಾವೆಲ್! ತಟ್ಟೆ ಹಿಡಿದು ಬಂದು ಅದೇ ಗೊಜ್ಜಿನ ಪಾತ್ರೆಗೆ ಸೌಟು ಹಾಕಿದ.

"ನೀವ್ಯಾಕೆ ಇದನ್ನ ತಿನ್ನೋದು?" ಅವಳ ಮಾತು ಚುಚ್ಚಿತು. "ಕೊಂದದ್ದನ್ನ ತಿನ್ನೋ ಧೈರ್ಯ ಇಲ್ವಾ?"

"ಕ್ರಿಸ್‌ಮಸ್‌ವರೆಗೆ ಮಾಂಸ ಬಿಡೋ ವ್ರತ ಇದೆಯಲ್ಲ, ನಂದೂ ಅದೇ. ಈ ಊಟಕ್ಕೆ ಎಲ್ಲರೂ ವ್ರತ ಮುರೀತಾರೆ. ನನಗೆ ಇವತ್ತು ಗಂಟಲಲ್ಲಿ ಇಳಿಯಲ್ಲ."

"ಹಬ್ಬದ ದಿನ ಇಳಿಯುತ್ತಾ?"

ಅವನು ಸ್ವಲ್ಪ ಹೊತ್ತು ಯೋಚಿಸಿದ. "ಇಳಿಯುತ್ತೆ. ಸುಳ್ಳು ಹೇಳಲ್ಲ."

ಅವಳು ಜಗಳಕ್ಕೆ ಸಿದ್ಧಳಾಗಿದ್ದಳು. ಈ ಉತ್ತರಕ್ಕೆ ಸಿದ್ಧಳಿರಲಿಲ್ಲ. ಇಷ್ಟು ವರ್ಷಗಳಲ್ಲಿ ಎಷ್ಟೋ ಜನ ಅವಳ ಮೇಲೆ ಕೂಗಾಡಿದ್ದರು, ನಿನಗೆ ಯಾರು ಕಾಸು ಕೊಡ್ತಾರೆ ಎಂದು ಕೆಣಕಿದ್ದರು, ಒಬ್ಬಾತ ಮುಖಕ್ಕೆ ಸಾಸೇಜು ಎಸೆದಿದ್ದ. ಹೀಗೆ ಯೋಚಿಸಿ ಉತ್ತರ ಕೊಟ್ಟವರು ಯಾರೂ ಇರಲಿಲ್ಲ.

ಮಾರನೇ ದಿನ ಅವನು ಚಿಕ್ಕಮ್ಮನಿಗೆ ಸೌದೆ ಒಡೆಯಲು ಬಂದ. ಅದರ ಮಾರನೇ ದಿನ ಸೌದೆ ಜೋಡಿಸಲು ಬಂದ. ಜೋಡಿಸಲು ಅಷ್ಟೇನೂ ಇರಲಿಲ್ಲ.

"ಆ ಕಸಾಯಿಖಾನೆ ಬಾಗಿಲ ಮುಂದೆ ನಿಂತು ಏನ್ ಮಾಡ್ತೀರಿ ನೀವು?" ಎಂದು ಕೇಳಿದ.

"ಲಾರಿ ನಿಲ್ಲುತ್ತಲ್ಲ, ಎರಡು ನಿಮಿಷ... ಜಾಲರಿಯ ಸಂದಿನಿಂದ ಹಂದಿಗಳಿಗೆ ನೀರು ಕುಡಿಸ್ತೀವಿ."

"ಆಮೇಲೆ?"

"ಆಮೇಲೆ ಲಾರಿ ಒಳಗೆ ಹೋಗುತ್ತೆ."

ಅವನು ಕೊಡಲಿ ಕೆಳಗಿಟ್ಟ. "ನೀರು ಕುಡಿದು ಹೋಗ್ತಾವೆ," ಎಂದ, ತನಗೆ ತಾನೇ ಹೇಳಿಕೊಳ್ಳುವವನಂತೆ. ಆಮೇಲೆ, "ನೀನು ಅದನ್ನ ಹೇಗೆ ತಡ್ಕೊಳ್ತೀಯ, ಇಲಿಂಕಾ?"

'ನೀವು' ಯಾವಾಗ 'ನೀನು' ಆಯಿತೋ! ಅವಳ ಎದೆ ಝಲ್ಲೆಂದಿತು. ಹಿಂದೆಯೇ ಇನ್ನೊಂದು ನೆನಪು ಬಂತು. ಆ ವಿಡಿಯೋ...

ಅವನು ಹೋದೊಡನೆ ರೊಕ್ಸಾನಾಗೆ ಬರೆದಳು: ಅದನ್ನು ಹಾಕಬೇಡ. ಉತ್ತರ ಬರಲಿಲ್ಲ.

ಇಪ್ಪತ್ಮೂರರ ಬೆಳಗ್ಗೆ ಇಡೀ ರೊಮೇನಿಯಾ ಅದನ್ನು ನೋಡಿತ್ತು. ಹನ್ನೆರಡು ಸೆಕೆಂಡು, ಅಷ್ಟೇ. ತಪ್ಪಿದ ಕತ್ತಿ, ಆ ಕೂಗು, ಸ್ಪಷ್ಟವಾಗಿ ಪಾವೆಲ್‌ನ ಮುಖ. ಕೆಳಗೆ ಸಾವಿರಾರು ಜನರ ಬೈಗುಳ. ಯಾರೋ ಅವನ ಹೆಸರು, ಊರು ಹುಡುಕಿ ಹಾಕಿದ್ದರು. 'ಇಂಥ ರಾಕ್ಷಸನ ಬಸ್ಸಿನಲ್ಲಿ ಮಕ್ಕಳಾ?'

ಇಲಿಂಕಾ ಕೂಡಲೇ ರೊಕ್ಸಾನಾಗೆ ಫೋನ್ ಮಾಡಿದಳು.

"ಮುಖ ಕಾಣಬಾರದು ಅಂದಿದ್ದೆನಲ್ಲ ರೊಕ್ಸಾನಾ!"

"ಮುಖ ಇಲ್ಲದಿದ್ರೆ ಯಾರೇ ನೋಡ್ತಾರೆ? ನಾಲ್ಕು ಲಕ್ಷ ಜನ ನೋಡಿದ್ದಾರೆ!"

"ಅವನ ಕೆಲಸ ಹೋಗುತ್ತೆ..."

"ಆ ಹಂದಿಯ ಜೀವ ಹೋಯ್ತಲ್ಲ, ಅದು? ಒಬ್ಬನ ಕೆಲಸ ದೊಡ್ಡದಾ, ಲಕ್ಷಾಂತರ ಪ್ರಾಣಿಗಳ ಜೀವ ದೊಡ್ಡದಾ? ಏನಾಗಿದೆ ನಿನಗೆ?"

ಹಿಂದಿನ ವಾರವಾಗಿದ್ದರೆ ಇದೇ ಪ್ರಶ್ನೆಯನ್ನು ಇಲಿಂಕಾಳೇ ಕೇಳುತ್ತಿದ್ದಳು! ಆ ಪ್ರಾಣಿಯ ನೋವು ಸುಳ್ಳಲ್ಲ. ಈ ಮನುಷ್ಯನ ನೋವೂ ಸುಳ್ಳಲ್ಲ. ಒಂದನ್ನು ತೋರಿಸಲು ಇನ್ನೊಂದನ್ನು ಬೀದಿಗೆ ಎಳೆದವಳು ತಾನೇ...

"ತೆಗೆದುಹಾಕು," ಎಂದಳು. "ಇಲ್ಲದಿದ್ರೆ ಗುಂಪಿನಲ್ಲಿ ನಾನಿಲ್ಲ."

ಸಂಜೆಗೆ ರೊಕ್ಸಾನಾ ತೆಗೆದಳು. ಅಷ್ಟರಲ್ಲಿ ಅದು ನೂರು ಕಡೆ ಹಬ್ಬಿತ್ತು. ಪಂಚಾಯಿತಿ ಕಚೇರಿಯಿಂದ ಪಾವೆಲ್‌ಗೆ ಫೋನ್ ಬಂದಿತ್ತು: ರಜೆ ಮುಗಿದ ಮೇಲೆ ಬಸ್ಸು ಮುಟ್ಟಬೇಡ, ಜನವರಿ ಎಂಟಕ್ಕೆ ಬಂದು ವಿವರಣೆ ಕೊಡು.

ಕ್ರಿಸ್‌ಮಸ್ ಹಿಂದಿನ ಸಂಜೆ ಹಾಡುವ ತಂಡ ಮನೆಮನೆಗೆ ಬರುತ್ತದೆ. ಅವರು ಬಂದು ಹಾಡದ ಮನೆಗೆ ಹಬ್ಬವೇ ಇಲ್ಲ. ವೇತಾ ಚಿಕ್ಕಮ್ಮ ಒಂದೇ ಕೈಯಲ್ಲಿ ವಾಲ್ನಟ್ ರೊಟ್ಟಿ ಬೇಯಿಸಿ, ಗೇಟು ತೆರೆದಿಟ್ಟು, ಹೊಸ ಸ್ಕಾರ್ಫ್ ಕಟ್ಟಿ ಕಿಟಕಿಯ ಹತ್ತಿರ ಕುಳಿತಿದ್ದಳು.

ಹಾಡು ತ್ರಯಾನ್ ಮಾವನ ಅಂಗಳದಲ್ಲಿ ಕೇಳಿಸಿತು. ಹತ್ತಿರ ಬಂತು... ಗೇಟಿನ ಮುಂದೆ ಮೌನವಾಯಿತು. ಹೆಜ್ಜೆಗಳು ದಾಟಿ ಹೋದವು. ಮುಂದಿನ ಮನೆಯಲ್ಲಿ ಹಾಡು ಮತ್ತೆ ಎದ್ದಿತು.

ಚಿಕ್ಕಮ್ಮ ಸ್ಕಾರ್ಫ್ ಬಿಚ್ಚಿ ಮಡಿಸಿದಳು.

"ಕ್ಷಮಿಸು ಚಿಕ್ಕಮ್ಮಾ..."

"ನನ್ನ ಹತ್ರ ಕೇಳಬೇಡ ಕಂದಾ. ನಾಡಿದ್ದು ಬಸ್ಸು ಹತ್ತಿ ಹೊರಟುಹೋಗ್ತೀಯ. ಅವನು ಇದೇ ಊರಲ್ಲಿ ಮುಖ ತೋರಿಸ್ಕೊಂಡು ಬದುಕಬೇಕು."

ಹಬ್ಬದ ಎರಡನೇ ದಿನ, ಪ್ರಾರ್ಥನೆ ಮುಗಿಸಿ ಜನ ಚರ್ಚಿನ ಮುಂದೆ ನಿಂತಿದ್ದರು. ಪಾವೆಲ್ ಗೋಡೆಯ ಪಕ್ಕ ಒಂಟಿಯಾಗಿದ್ದ. ಇಲಿಂಕಾ ನೇರವಾಗಿ ಬಂದು ಎಲ್ಲರ ನಡುವೆ ನಿಂತಳು.

"ವಿಡಿಯೋ ಮಾಡಿದ್ದು ನಾನು. ಕಳಿಸಿದ್ದೂ ನಾನೇ. ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಪ್ರಾಣಿ ಕೊಲ್ಲೋದು ತಪ್ಪು ಅಂತ ನಾನು ಈಗಲೂ ಹೇಳ್ತೀನಿ. ಆದ್ರೆ ಪಾವೆಲ್ ಕ್ರೂರಿ ಅಂತ ಆ ಹನ್ನೆರಡು ಸೆಕೆಂಡು ಹೇಳುತ್ತಲ್ಲ, ಅದು ಸುಳ್ಳು. ಹಂದಿಗೆ ನೋವಾಗುತ್ತೆ ಹೋಗು ಅಂತ ನನ್ನನ್ನ ಬೇಡಿಕೊಂಡವನು ಅವನೊಬ್ಬನೇ. ನಾನು ಹೋಗಲಿಲ್ಲ."

"ಈಗ ಬಂತು ಬುದ್ಧಿ!" ತ್ರಯಾನ್ ಮಾವ ಗುಡುಗಿದ. "ನೀನು ಅಲ್ಲಿ ನಿಂತು ಮರುಗಿದ್ದಕ್ಕೇ ಅವನ ಕತ್ತಿ ತಪ್ಪಿದ್ದು!"

"ಅಲ್ಲ ಮಾವ."

ಪಾವೆಲ್ ಗೋಡೆಯಿಂದ ಮುಂದೆ ಬಂದಿದ್ದ.

"ಅವಳ ಮರುಕದಿಂದ ಅಲ್ಲ. ನನ್ನದರಿಂದ. ನನ್ನ ಕೈ ನಡುಗಿತು. ಈ ಕತ್ತಿ ಹಿಡಿದಾಗಿನಿಂದ, ಮೂರು ವರ್ಷದಿಂದ ನಡುಗ್ತಾ ಇದೆ. ಹಿಂದಿನ ಎರಡು ವರ್ಷ ಹೇಗೋ ದಾಟಿತು, ಈ ಸಲ ದಾಟಲಿಲ್ಲ. ಅವತ್ತು ಯಾರೋ ಮರುಗ್ತಾ ಇದ್ದೀರಿ ಅಂದೆನಲ್ಲ... ಅದು ನಾನೇ ಅಂತ ನನಗೆ ಗೊತ್ತಿತ್ತು. ನೀವೆಲ್ಲ ಅವಳ ಕಡೆ ತಿರುಗಿದ್ರಿ. ನಾನು ಬಾಯಿ ಮುಚ್ಕೊಂಡೆ. ಅಪ್ಪನ ಕತ್ತಿ ಹಿಡಿದವನು ಅಳುಬುರುಕ ಅನ್ನಿಸ್ಕೊಳ್ಳೋಕೆ ನಾಚಿಕೆ ಆಯ್ತು."

ಅವನು ತನ್ನ ಕೈಗಳನ್ನೇ ನೋಡಿಕೊಂಡ.

"ನಾನು ಹೋಗಬೇಕಿತ್ತು ಒಳಗೆ," ಎಂದ ಅವನು. "ಮುಂದಿನ ವರ್ಷಕ್ಕೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ."

ತ್ರಯಾನ್ ಮಾವ ಏನೋ ಹೇಳಲು ಬಾಯಿ ತೆರೆದು, ಟೋಪಿ ಸರಿಮಾಡಿಕೊಂಡು, ಹೆಂಡತಿಯನ್ನು ಕರೆದುಕೊಂಡು ಹೊರಟ. ಜನ ಒಬ್ಬೊಬ್ಬರಾಗಿ ಕರಗಿದರು. ಕೆಲವರು ಇಬ್ಬರನ್ನೂ ನೋಡದೆ ಹೋದರು. ವೇತಾ ಚಿಕ್ಕಮ್ಮ ಹೋಗುವಾಗ ಪಾವೆಲ್‌ನ ತೋಳು ಮುಟ್ಟಿ ಹೋದಳು.

ಹಿಮದ ಮೇಲೆ ಇಬ್ಬರೇ ಉಳಿದರು.

"ನನಗೆ ಸಿಟ್ಟಿದೆ," ಎಂದ ಪಾವೆಲ್. "ಬಸ್ಸಿನ ಮಕ್ಕಳ ಅಪ್ಪ ಅಮ್ಮಂದಿರು ನನ್ನ ಮುಖ ಹೇಗೆ ನೋಡಿದ್ರು ಗೊತ್ತಾ? ಇನ್ನೂ ತುಂಬ ದಿನ ಇರುತ್ತೆ ಈ ಸಿಟ್ಟು."

"ಇರಲಿ. ನನಗೂ ಇದೆ. ಅವತ್ತು ನೀನು ಒಂದು ಮಾತು ಆಡಿದ್ದಿದ್ರೆ ನಾನು ಅದನ್ನ ಕಳಿಸ್ತಾನೇ ಇರಲಿಲ್ಲ..." ಅವಳು ತಲೆ ಅಲ್ಲಾಡಿಸಿದಳು. "ಇಲ್ಲ, ಅದೂ ನೆಪ. ಕಳಿಸಿದ್ದು ನಾನು."

"ನಿನ್ನೆ ಅಮ್ಮ ಸಾಸೇಜು ಬಡಿಸಿದ್ಲು. ತಿಂದೆ."

ಅವಳು ಕಣ್ಣು ಮುಚ್ಚಿ ತೆರೆದಳು. "ನೀನು ಕೊಲ್ಲದೆ, ಬೇರೆಯವರು ಕೊಂದದ್ದನ್ನ ತಿಂದ್ರೆ ಸರಿಯಾಗುತ್ತಾ ಪಾವೆಲ್?"

"ಸರಿ ಅನ್ನಿಸಲ್ಲ. ಬಿಡ್ತೀನಿ ಅಂತ ಮಾತು ಕೊಡೋಕೂ ಧೈರ್ಯ ಇಲ್ಲ. ನೀನು ಹೀಗೇ ಪ್ರಶ್ನೆ ಕೇಳ್ತಾ ಇರು."

"ಕೇಳ್ತಾನೇ ಇರ್ತೀನಿ. ನನ್ನ ಜೊತೆ ಇದ್ರೆ ನಿನಗೆ ನೆಮ್ಮದಿ ಇರಲ್ಲ. ಮತ್ತೆ ಆ ಕಸಾಯಿಖಾನೆ ಬಾಗಿಲ ಮುಂದೆ ಹೋಗಿ ನಿಲ್ತೀನಿ ನಾನು."

"ನಿಂತ್ಕೋ. ದಪ್ಪ ಉಣ್ಣೆ ಗವಸು ಹಾಕ್ಕೊಂಡು ನಿಂತ್ಕೋ, ಜನವರಿಯಲ್ಲಿ ಕ್ಲುಜ್ ತುಂಬ ಚಳಿ."

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂತು.

"ಎಂಟನೇ ತಾರೀಖು ಪಂಚಾಯಿತಿ ಕಚೇರಿಗೆ ನಾನೂ ಬರ್ತೀನಿ. ನಡೆದದ್ದನ್ನ ಪೂರ್ತಿ ಹೇಳ್ತೀನಿ."

"ನೀನು ಹೇಳಿದ್ರೂ ಬಸ್ಸು ವಾಪಸ್ ಕೊಡದಿದ್ರೆ?"

"ಗೊತ್ತಿಲ್ಲ... ಬಾಗಿಲಲ್ಲಿ ನಿಲ್ಲೋದು ನನಗೆ ಅಭ್ಯಾಸ ಇದೆ."

ಅವನು ಕೈ ಚಾಚಿದ. ಆ ಕೈ ಏನು ಮಾಡಿದೆಯೆಂದು ಅವಳಿಗೆ ಗೊತ್ತಿತ್ತು. ಅವಳ ಕೈ ಏನು ಮಾಡಿದೆಯೆಂದು ಅವನಿಗೂ ಗೊತ್ತಿತ್ತು. ಒಂದು ಗಳಿಗೆ ಅವಳು ಹಾಗೇ ನಿಂತಳು. ಆಮೇಲೆ ಹಿಡಿದುಕೊಂಡಳು.

"ಎಷ್ಟು ತಣ್ಣಗಿದೆ ನಿನ್ನ ಕೈ!" ಎಂದಳು.

"ನಿಂದೂ ಹಾಗೇ ಇದೆ. ಬಿಡಬೇಡ."