ಹಲ್ಲು ಕಚ್ಚಿ ಹಿಡಿದ ಪ್ರೀತಿ

“ಬಾಯಿ ದೊಡ್ಡದಾಗಿ ತೆಗೀರಿ... ಇನ್ನೂ ಸ್ವಲ್ಪ... ಅಯ್ಯಮ್ಮಾ!”

ಕೂಗಿದ್ದು ಅವಳಲ್ಲ, ದಂತವೈದ್ಯ! ಅವನ ತೋರುಬೆರಳು ಅವಳ ಹಲ್ಲುಗಳ ನಡುವೆ ಸಿಕ್ಕಿಬಿದ್ದಿತ್ತು.

“ಸಾರಿ ಡಾಕ್ಟ್ರೇ! ಬೇಕಂತ ಕಚ್ಚಲಿಲ್ಲ...”

ಅವನು ಬೆರಳು ನೀವಿಕೊಳ್ಳುತ್ತಾ ನಕ್ಕ. “ಹುಳುಕೇನಿಲ್ಲ, ಹಲ್ಲು ಗಟ್ಟಿಯಾಗೇ ಇದೆ. ನೀವು ದವಡೆ ಬಿಗಿ ಹಿಡೀತಿದ್ದೀರಿ, ನಿದ್ದೆಯಲ್ಲೂ. ಅದಕ್ಕೇ ಈ ನೋವು, ತಲೆಶೂಲೆ ಎಲ್ಲ. ಏನು ಕೆಲಸ ನಿಮ್ಮದು?”

“ನೀರು ಸರಬರಾಜು ಕಚೇರಿಯಲ್ಲಿ ದೂರು ಬರ್ಕೊಳ್ಳೋದು. ಬೆಳಗ್ಗೆಯಿಂದ ಸಂಜೆವರೆಗೂ ಫೋನಲ್ಲಿ ಬೈಸ್ಕೊಳ್ಳೋದು.”

“ತಿರುಗಿ ಬೈಯಲ್ವಾ?”

“ಕೆಲಸ ಹೋಗುತ್ತಲ್ಲ! ನುಂಗ್ಕೋತೀನಿ.”

“ನುಂಗಿದ್ದೆಲ್ಲ ಹೊಟ್ಟೆಗೆ ಹೋಗಿಲ್ಲ. ದವಡೆಯಲ್ಲೇ ಕೂತಿದೆ.”

ಇಷ್ಟು ದಿನದಲ್ಲಿ ಯಾರೂ ಅವಳಿಗೆ ಹೀಗೆ ಹೇಳಿರಲಿಲ್ಲ. ಕಣ್ಣು ಯಾಕೋ ಮಂಜಾಯಿತು...

ಅವನು ಹೇಳಿಕೊಟ್ಟದ್ದು ಸುಲಭವಾಗಿತ್ತು. ಗಂಟೆಗೊಮ್ಮೆ ಭುಜ ಇಳಿಬಿಟ್ಟು, ಹಲ್ಲು ಹಲ್ಲಿಗೆ ತಾಗದಂತೆ ಇಟ್ಟು, ನಿಧಾನವಾಗಿ ಉಸಿರು ಬಿಡಬೇಕು. ನೋವು ಬಂದಾಗಲೆಲ್ಲ, ಅದಕ್ಕೆ ಮೊದಲು ಏನಾಯಿತು ಅಂತ ಪುಸ್ತಕದಲ್ಲಿ ಬರೆಯಬೇಕು. ಬುಧವಾರ ಬುಧವಾರ ತಂದು ತೋರಿಸಬೇಕು.

ಮೂರು ವಾರದಲ್ಲಿ ನೋವು ಅರ್ಧಕ್ಕಿಳಿಯಿತು. ಫೋನಿನಲ್ಲಿ ಯಾರಾದರೂ ಕಿರುಚಿದರೆ ಮೊದಲು ಭುಜ ಇಳಿಸಿ, ಆಮೇಲೆ “ಹೇಳಿ ಸಾರ್” ಅನ್ನುವುದು ರೂಢಿಯಾಯಿತು. ಬುಧವಾರವಂತೂ ಕನ್ನಡಿ ಬಿಟ್ಟು ಕದಲುತ್ತಿರಲಿಲ್ಲ.

“ಹಲ್ಲು ತೋರಿಸೋಕೆ ಕಣ್ಣಿಗ್ಯಾಕೆ ಕಾಡಿಗೆ?” ಅತ್ತಿಗೆ ಛೇಡಿಸಿದಳು.

“ಸುಮ್ನಿರಿ ಅತ್ತಿಗೆ!”

ನಾಲ್ಕನೆಯ ಬುಧವಾರ ಬಾಗಿಲಲ್ಲೇ ಅವಳ ಕಾಲುಗಳು ನಿಂತುಬಿಟ್ಟವು. ಕ್ಲಿನಿಕ್ಕಿಗೆ ಕಟ್ಟುಹಲ್ಲು ಮಾಡಿಕೊಡುವ ಉದ್ದ ಜಡೆಯ ಹೆಂಗಸು ಅವನ ಮೇಜಿನಂಚಿಗೆ ಒರಗಿದ್ದಳು. ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು. ನಗುತ್ತಲೇ ಅವಳು ಅವನ ಕಾಲರಿನ ಮೇಲಿದ್ದ ಬಿಳಿ ಪುಡಿಯನ್ನು ಒರೆಸಿದಳು... ಎಂಥ ಸಲಿಗೆ!

‘ನಿನಗೇನೇ ಉರಿ? ಅವನು ನಿನಗೇನಾಗಬೇಕು?’

ದವಡೆ ಕಟಕ್ ಎಂದಿತು. ಬಂದ ದಾರಿಯಲ್ಲೇ ತಿರುಗಿ ನಡೆದಳು.

ಮುಂದಿನ ಎರಡು ಬುಧವಾರ ಹೋಗಲಿಲ್ಲ. ತುತ್ತು ಅಗಿಯಲೂ ಆಗದಾಯಿತು. ಮೂರನೆಯದಕ್ಕೆ ಅತ್ತಿಗೆ ಕೈಹಿಡಿದು ಎಳೆದು ತಂದಳು. ಅವಳನ್ನು ಕುರ್ಚಿಯಲ್ಲಿ ಕೂರಿಸಿ, ಪುಸ್ತಕವನ್ನು ಅವನ ಕೈಗಿತ್ತು ಹೊರಗೆ ನಡೆದೇಬಿಟ್ಟಳು.

“ಅಯ್ಯೋ, ಅದನ್ನ ಓದ್ಬೇಡಿ!”

ಅವನ ಕಣ್ಣು ಆಗಲೇ ಹಾಳೆಯ ಮೇಲಿತ್ತು.

‘ಬುಧವಾರ: ಅವಳು ಅವರ ಕಾಲರ್ ಒರೆಸಿದಳು. ತಡೆಯಲಾಗದ ನೋವು.’

‘ಗುರುವಾರ: ಇವತ್ತು ಯಾರೂ ಬೈಯಲಿಲ್ಲ. ಆದರೂ ನೋವು. ಆ ಜಡೆ ಕಂಡರೆ ಆಗದು.’

ಅವಳು ಮುಖ ಮುಚ್ಚಿಕೊಂಡಳು.

“ನಿಮ್ಮ ಅನುಮಾನ ಪೂರ್ತಿ ಸುಳ್ಳಲ್ಲ,” ಅವನು ಮೆಲ್ಲಗೆ ಹೇಳಿದ. “ಮದುವೆ ಆಗೋಣ ಅಂತ ಅವರು ಕೇಳಿದ್ರು.”

ಅವಳು ಮುಖದಿಂದ ಕೈ ತೆಗೆದಳು. “ನೀವೇನಂದ್ರಿ?”

“ಆಗಲ್ಲ ಅಂದೆ. ಬುಧವಾರ ಬಂದ್ರೆ ಎರಡೆರಡು ಸಲ ಶೇವ್ ಮಾಡ್ಕೋತೀನಿ. ಯಾಕೆ ಅಂತ ನನಗಿಂತ ಮೊದಲು ಅವರಿಗೇ ಗೊತ್ತಾಗಿತ್ತು.”

ಅವನು ಅವಳ ಕಡತ ತೆಗೆದು ಮುಚ್ಚಿದ.

“ಇನ್ಮೇಲೆ ನೀವು ನನ್ನ ಪೇಷೆಂಟ್ ಅಲ್ಲ.”

“ಯಾಕೆ?! ನಾನೇನು...”

“ಪೇಷೆಂಟನ್ನ ಇಷ್ಟಪಡೋದು ಡಾಕ್ಟರಿಗೆ ಸರಿಯಲ್ಲ. ಎದುರು ಬೀದಿಯ ಡಾಕ್ಟರಿಗೆ ಚೀಟಿ ಬರೆದುಕೊಡ್ತೀನಿ. ಅವರು ನೋಡ್ತಾರೆ. ಸಂಜೆ ನಾನು ಬರೀ ನಾನಾಗಿ ನಿಮ್ಮ ಆಫೀಸಿನ ಹತ್ರ ಬರ್ತೀನಿ. ಬರಲಾ?”

ಕಣ್ಣೀರಿನ ನಡುವೆಯೇ ಅವಳು ತಲೆಯಾಡಿಸಿದಳು.

“ಒಂದು ಮಾತು ಈಗ್ಲೇ ಹೇಳ್ಬಿಡ್ತೀನಿ... ನನಗೆ ಹೊಟ್ಟೆಕಿಚ್ಚು ಜಾಸ್ತಿ.”

“ನನಗೂ!” ಅವನು ಚೀಟಿ ಬರೆಯುತ್ತಾ ಹೇಳಿದ. “ಎದುರು ಬೀದಿಯ ಡಾಕ್ಟರಿಗೆ ಎಪ್ಪತ್ತೆರಡು ವರ್ಷ. ಹುಡುಕಿ ಹುಡುಕಿ ಅವರ ಹತ್ರಾನೇ ಕಳಿಸ್ತಿದ್ದೀನಿ.”