ಬ್ಯಾಟರಿ ಬದಲಿಸುವ ಮುಂಚೆ

2008ರ ಅಕ್ಟೋಬರ್ 13, ಸೋಮವಾರ. ಬೆಳಗ್ಗೆ 9 ಗಂಟೆ 10 ನಿಮಿಷಕ್ಕೆ ಬ್ರೆಂಡನ್ ಟಕರ್ ಎಂಬ ನಲವತ್ತೊಂದು ವರ್ಷದ ಕೊರಿಯರ್ ಚಾಲಕ ಆಕ್ಲೆಂಡಿನ ಸ್ಯಾಂಡ್ರಿಂಗಮ್ ರಸ್ತೆಯ ಪೊಲೀಸ್ ಠಾಣೆಗೆ ಬಂದ. ತನ್ನ ಗ್ಯಾರೇಜಿನಿಂದ ಒಂದು ಆಟ ಕಳುವಾಗಿದೆ ಎಂದ. ಕೌಂಟರಿನಲ್ಲಿ ಕಾನ್‌ಸ್ಟೇಬಲ್ ಕೇಶವಮೂರ್ತಿ ಇದ್ದರು.

"ಆಟ ಅಂದ್ರೆ?"

"ಹಳೇ ವಿಡಿಯೋ ಗೇಮ್. ಮಶೀನಿಗೆ ಸಿಕ್ಕಿಸೋ ಕಾರ್ಟ್ರಿಜ್."

"ಎಷ್ಟು ದೊಡ್ಡದು?"

"ಅಂಗೈಯಷ್ಟು."

"ಬೆಲೆ?"

"ಮೂರು ಸಾವಿರ ಡಾಲರ್."

ಕೇಶವಮೂರ್ತಿ ಪೆನ್ನನ್ನು ಕೆಳಗಿಟ್ಟು ಮತ್ತೆ ಎತ್ತಿಕೊಂಡರು. ಹೊರಗೆ ನಿಲ್ಲಿಸಿದ್ದ ಅವರ ಕಾರನ್ನು ಎರಡು ಸಾವಿರದ ಎಂಟುನೂರಕ್ಕೆ ಕೊಂಡಿದ್ದರು. ಅದರಲ್ಲಿ ಐದು ಜನ ಕೂರಬಹುದಿತ್ತು.

ಕೇಶವಮೂರ್ತಿಯವರು ಮೈಸೂರಿನಲ್ಲಿ ಹನ್ನೊಂದು ವರ್ಷ ಸಬ್ ಇನ್‌ಸ್ಪೆಕ್ಟರ್ ಆಗಿದ್ದವರು. ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ವಿಭಾಗದ ಕೆಲಸ ಸಿಕ್ಕಿದ್ದರಿಂದ ನ್ಯೂಜಿಲೆಂಡಿಗೆ ಬಂದು, ನಲವತ್ತನೆಯ ವಯಸ್ಸಿನಲ್ಲಿ ಮತ್ತೆ ಓಡಿ, ಹಾರಿ, ಈಜಿ, ಕಾನ್‌ಸ್ಟೇಬಲ್ ಆಗಿ ಸೇರಿದ್ದರು. ಹಳೆಯ ಅಭ್ಯಾಸಗಳಲ್ಲಿ ಒಂದನ್ನು ಮಾತ್ರ ಬಿಟ್ಟಿರಲಿಲ್ಲ. ಪಂಚನಾಮೆ. ಮೈಸೂರಿನಲ್ಲಿ ಒಮ್ಮೆ ಕಳುವಾಗಿ ಸಿಕ್ಕ ಎಮ್ಮೆಯೊಂದರ ಪಂಚನಾಮೆಯನ್ನು ಒಂಬತ್ತು ಪುಟ ಬರೆದಿದ್ದರಂತೆ. ಓದಿ ಹೇಳುವಾಗ ಎಮ್ಮೆ ಎರಡು ಕಡೆ ತಲೆಯಾಡಿಸಿತು ಎನ್ನುವುದಕ್ಕೆ ಇಬ್ಬರು ಸಾಕ್ಷಿಗಳಿದ್ದಾರೆ. ನ್ಯೂಜಿಲೆಂಡಿನಲ್ಲಿ ಎಫ್‌ಐಆರ್ ಎನ್ನುವುದಿಲ್ಲ, ಕಂಪ್ಯೂಟರು ಒಂದು ನಂಬರ್ ಕೊಡುತ್ತದೆ, ಅಷ್ಟೆ. ಪಂಚನಾಮೆಯನ್ನಂತೂ ಯಾರೂ ಕೇಳುವುದಿಲ್ಲ. ಆದರೂ ಅವರು ಕಪ್ಪು ರಟ್ಟಿನ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರು. ಅವರ ಮೇಲಧಿಕಾರಿ, ಸಾರ್ಜೆಂಟ್ ಮೆರೆ ತಮಿಹಾನ ಎಂಬ ಮಹಿಳೆ, ಅದನ್ನು 'ಮೂರ್ತಿಯ ಬೈಬಲ್' ಎಂದು ಕರೆಯುತ್ತಿದ್ದರು.

ಬೆಳಗ್ಗೆ 11 ಗಂಟೆಗೆ, ಸಾರ್ಜೆಂಟರ ಜೊತೆ, ಸ್ಥಳ ಪರಿಶೀಲನೆ. ಟಕರನ ಗ್ಯಾರೇಜಿನಲ್ಲಿ ಕಾರು ಇರಲಿಲ್ಲ. ಗೋಡೆಯುದ್ದಕ್ಕೂ ಗಾಜಿನ ಬೀರುಗಳು, ಹಳೆಯ ಟಿವಿಗಳು, ಇಪ್ಪತ್ತು ವರ್ಷ ಹಿಂದೆ ಮಕ್ಕಳು ಮುರಿದು ಎಸೆಯುತ್ತಿದ್ದಂಥ ಆಟದ ಯಂತ್ರಗಳು ದೇವರ ವಿಗ್ರಹಗಳಂತೆ ಸಾಲಾಗಿ ಇದ್ದವು. ಪ್ರತಿ ತಿಂಗಳ ಎರಡನೇ ಭಾನುವಾರ ಹಳೇ ಆಟಗಳ ಅಭಿಮಾನಿಗಳು ಇಲ್ಲಿ ಸೇರುತ್ತಾರೆ. ನಿನ್ನೆಯೂ ಸುಮಾರು ನಲವತ್ತು ಜನ ಬಂದಿದ್ದರು.

"ಬೀರುಗೆ ಬೀಗ ಇರ್ಲಿಲ್ವಾ?" ಸಾರ್ಜೆಂಟ್ ಕೇಳಿದರು.

"ಎಲ್ಲಾ ನಮ್ಮವರೇ ಅಲ್ವಾ ಬರೋದು."

"ಹೋಗಿದ್ದು ಒಂದೇನಾ?"

"ಒಂದೇ. 'ಲ್ಯಾಂಟರ್ನ್ ಬೇ' ಅಂತ. ಅದರ ಪಕ್ಕದಲ್ಲೇ ಐದು ಸಾವಿರದ್ದು ಇತ್ತು. ಮುಟ್ಟೇ ಇಲ್ಲ."

ಕೇಶವಮೂರ್ತಿ ಬರೆದುಕೊಂಡರು: *ಕಳ್ಳನಿಗೆ ಬೆಲೆ ಗೊತ್ತಿಲ್ಲ, ಅಥವಾ ಬೇಕಿಲ್ಲ.*

ಟಕರ್ ವಿವರಿಸಿದ. ಸಮುದ್ರದ ದಂಡೆಯ ಒಂದು ಊರು, ಅಲ್ಲಿ ದೀಪ ಹಚ್ಚುವವನೊಬ್ಬನ ಕತೆ. ಗುಂಡು ಹಾರುವುದಿಲ್ಲ, ಯಾರೂ ಸಾಯುವುದಿಲ್ಲ, ಹಾಗಾಗಿ ಯಾರೂ ಕೊಳ್ಳಲಿಲ್ಲ. ಯಾರೂ ಕೊಳ್ಳದೆ ಇದ್ದುದರಿಂದ ಈಗ ಎಲ್ಲರಿಗೂ ಬೇಕು. ಎರಡು ವರ್ಷದ ಹಿಂದೆ ಯಾವುದೋ ಗ್ಯಾರೇಜ್ ಸೇಲಿನಲ್ಲಿ ಹತ್ತು ಡಾಲರಿಗೆ ಒಂದು ಡಬ್ಬ ಕೊಂಡಿದ್ದ, ಅದರೊಳಗೆ ಸಿಕ್ಕಿತ್ತು. ಯಾರ ಮನೆ ಎನ್ನುವುದು ನೆನಪಿಲ್ಲ. ಈಗ ಕ್ರೈಸ್ಟ್‌ಚರ್ಚಿನ ರಿಕ್ಕರ್ಟನ್‌ನ ಒಬ್ಬನಿಗೆ ಮಾರಿಯಾಗಿತ್ತು. ಹಣವೂ ಬಂದಿತ್ತು.

"ಬರೋ ಶನಿವಾರ, ಹದಿನೆಂಟಕ್ಕೆ, ಬ್ಯಾಟರಿ ಬದಲಿಸಿ ಕಳಿಸ್ಬೇಕಿತ್ತು," ಎಂದ.

"ಆಟಕ್ಕೆ ಬ್ಯಾಟರಿನಾ?"

"ಒಳಗೆ ನಾಣ್ಯದಂಥದು ಒಂದಿರುತ್ತೆ. ಆಡಿದ್ದನ್ನ ನೆನಪಿಟ್ಟುಕೊಳ್ಳೋದು ಅದೇ. ತೆಗೆದ್ರೆ ಹಿಂದೆ ಆಡಿದೋರದ್ದೆಲ್ಲ ಅಳಿಸಿ ಹೋಗುತ್ತೆ."

"ಹೋದ್ರೆ?"

"ಒಳ್ಳೇದೇ. ಕೊಳ್ಳೋರಿಗೆ ಹೊಸದರ ಹಾಗೆ."

ವಾರದ ಹಿಂದೆ ಬಡಾವಣೆಯ ಪತ್ರಿಕೆಯಲ್ಲಿ ಬಂದಿದ್ದ ತನ್ನ ಫೋಟೊ ತೋರಿಸಿದ. ಕೈಯಲ್ಲಿ ಕಾರ್ಟ್ರಿಜ್, ಹಿಂದೆ ಚಾಲೂ ಇರುವ ಟಿವಿ, ಟಿವಿಯಲ್ಲಿ ಇರುವೆ ಸಾಲಿನಂಥ ಅಕ್ಷರಗಳು. "ಹಿಂದಿನವನು ಏನೋ ಅರ್ಥವಿಲ್ಲದ್ದು ಟೈಪ್ ಮಾಡಿಟ್ಟಿದ್ದ," ಎಂದ. "ಗುರುತು ಹೇಳ್ಬೇಕು ಅಂದ್ರೆ, ಹಿಂಭಾಗದಲ್ಲಿ ಕೆಂಪು ಕಲೆ ಇದೆ. ಮೂರು ಚುಕ್ಕಿ. ಸ್ಪಿರಿಟ್ ಹಾಕಿ ಉಜ್ಜಿದೆ, ಹೋಗ್ಲಿಲ್ಲ. ಅದರಿಂದಾನೇ ಇನ್ನೂರು ಡಾಲರ್ ಕಡಿಮೆಯಾಯ್ತು."

ಕೇಶವಮೂರ್ತಿಯವರ ಪೆನ್ನು ನಿಂತಿತು. ತಮ್ಮ ಪೊಲೀಸ್ ಟಾರ್ಚಿನ ಹಿಂಭಾಗದಲ್ಲೂ ಮೂರು ಕೆಂಪು ಚುಕ್ಕಿಗಳಿದ್ದವು. ಕಳೆದ ಬುಧವಾರ ಆಯುಧಪೂಜೆಯಲ್ಲಿ ಹೆಂಡತಿ ಇಟ್ಟದ್ದು. ಟಾರ್ಚನ್ನು ಜೇಬಿನಲ್ಲಿ ಇನ್ನೂ ಒಳಕ್ಕೆ ತಳ್ಳಿದರು.

ಬಾಗಿಲಿನ ಪಕ್ಕದ ಮೇಜಿನ ಮೇಲೆ ನಿನ್ನೆಯ ಊಟದ ಅವಶೇಷಗಳು ಹಾಗೇ ಇದ್ದವು. ಕೂಟಕ್ಕೆ ಬರುವವರು ಒಂದು 'ಪ್ಲೇಟ್' ತರಬೇಕು ಎಂದು ಗೋಡೆಯ ಚೀಟಿ ಹೇಳುತ್ತಿತ್ತು. ಇಲ್ಲಿನವರು ಪ್ಲೇಟ್ ತನ್ನಿ ಎಂದರೆ ತಿಂಡಿ ತುಂಬಿದ ತಟ್ಟೆ ತನ್ನಿ ಎಂದರ್ಥ. ಕೇಶವಮೂರ್ತಿ ದಂಪತಿ ಮೊದಲ ವರ್ಷ ಇಂಥದ್ದೇ ಕರೆಗೆ ಎರಡು ಖಾಲಿ ತಟ್ಟೆಗಳನ್ನು ಹುಣಸೆಹಣ್ಣು ಹಾಕಿ ಬೆಳಗಿ ತೆಗೆದುಕೊಂಡು ಹೋಗಿದ್ದರು. ತಟ್ಟೆಗಳ ಹೊಳಪನ್ನು ಎಲ್ಲರೂ ಹೊಗಳಿದ್ದರು.

ಕಾಗದದ ತಟ್ಟೆಗಳ ನಡುವೆ ಒಂದು ಸ್ಟೀಲ್ ತಟ್ಟೆ ಇತ್ತು. ಅದರಲ್ಲಿ ಎಂಟು ಕೊಡುಬಳೆ ಉಳಿದಿದ್ದವು. ಕೇಶವಮೂರ್ತಿ ಕೊಡುಬಳೆಗಳನ್ನು ಪಕ್ಕಕ್ಕೆ ಸರಿಸಿ ತಟ್ಟೆಯನ್ನು ತಿರುಗಿಸಿದರು. ಅಂಚಿನಲ್ಲಿ, ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರಗಳು: *ಚಿ. ವೆಂಕಟರಮಣ – ಸೌ. ವಿಜಯಾ ವಿವಾಹ. 12-5-1976. ಮೈಸೂರು.*

"ಅದೇನು ಡಿಸೈನಾ?" ಸಾರ್ಜೆಂಟ್ ಕೇಳಿದರು.

"ಸಹಿ," ಎಂದರು ಕೇಶವಮೂರ್ತಿ.

ಸಾರ್ಜೆಂಟ್ ತಮಿಹಾನ ಇಪ್ಪತ್ತೆರಡು ವರ್ಷಗಳ ಸೇವೆಯಲ್ಲಿ ಬೆರಳಚ್ಚು, ಬೂಟಿನ ಗುರುತು, ಒಮ್ಮೆ ಕಟ್ಟಿಸಿದ ಹಲ್ಲಿನ ಸೆಟ್ಟನ್ನೂ ಬಿಟ್ಟುಹೋದ ಕಳ್ಳರನ್ನು ನೋಡಿದ್ದರು. ಮದುವೆಯ ತಾರೀಖು ಬಿಟ್ಟುಹೋದವರನ್ನು ನೋಡಿರಲಿಲ್ಲ.

ಮಧ್ಯಾಹ್ನ 2.30ಕ್ಕೆ ಕೇಶವಮೂರ್ತಿ ಸ್ಯಾಂಡ್ರಿಂಗಮ್ ಪೇಟೆಯ ಉದಯಶಂಕರನ ದಿನಸಿ ಅಂಗಡಿಗೆ ಹೋದರು. ಬಡಾವಣೆಯ ಕನ್ನಡದವರೆಲ್ಲ ಅಕ್ಕಿಬೇಳೆಗೆ ಅಲ್ಲಿಗೇ ಬರುವುದು. ಕೌಂಟರಿನ ಮೇಲೆ ಒಂದು ಪ್ಲಾಸ್ಟಿಕ್ ಚೀಲ ಇಟ್ಟರು.

"ಏನ್ ಸಾರ್ ಇದು, ನೀವೇ ತಿಂಡಿ ತಂದ್ಬಿಟ್ರಿ?"

"ಇದು ಸಾಕ್ಷ್ಯ. ಮುಟ್ಬೇಡ."

ಅಷ್ಟರಲ್ಲಿ ಉದಯಶಂಕರ ಒಂದು ಕೊಡುಬಳೆ ಮುರಿದು ಬಾಯಿಗೆ ಹಾಕಿಕೊಂಡಿದ್ದ. ಕಣ್ಣು ಮುಚ್ಚಿ ಅಗಿದ.

"ಓಂಕಾಳು ಜಾಸ್ತಿ. ಇದು ವಿಜಯಕ್ಕನ ಕೈ. ಬೆಟ್ ಕಟ್ತೀರಾ?"

"ಯಾವ ವಿಜಯಕ್ಕ?"

"ವೆಂಕಟರಮಣ ಅಂತಿದ್ರಲ್ಲ ಸಾರ್, ಮೈಸೂರಲ್ಲಿ ಎಂಜಿನಿಯರು. ಇಲ್ಲಿ ಯಾರೂ ಕೆಲಸ ಕೊಡ್ಲಿಲ್ಲ, ಲೋಕಲ್ ಎಕ್ಸ್‌ಪೀರಿಯನ್ಸ್ ಇಲ್ಲ ಅಂತ. ಕಾರ್ ಪಾರ್ಕಿಂಗ್ ಬೂತಲ್ಲಿ ನೈಟ್ ಡ್ಯೂಟಿ ಮಾಡ್ತಿದ್ರು. ಹೋಗ್ಬಿಟ್ರು ಪಾಪ, ಎರಡು ವರ್ಷ ಆಯ್ತು. ಅವರ ಮನೆಯವರು." ಅಗಿಯುವುದನ್ನು ನಿಲ್ಲಿಸಿದ. "ಯಾಕ್ ಸಾರ್? ವಿಜಯಕ್ಕಂಗೇನಾದ್ರೂ ಆಯ್ತಾ?"

"ಇನ್ನೂ ಇಲ್ಲ."

ಪಂಚನಾಮೆಯಲ್ಲಿ ಆ ದಿನ ಸಂಜೆ ನಮೂದಾಯಿತು: *ವಶಪಡಿಸಿಕೊಂಡ ಕೊಡುಬಳೆ ಎಂಟು. ತನಿಖೆಯಲ್ಲಿ ಬಳಕೆಯಾದದ್ದು ಮೂರು.* ಉದಯಶಂಕರ ತಿಂದದ್ದು ಒಂದು. ಉಳಿದೆರಡರ ಬಗ್ಗೆ ಕಡತ ಮೌನವಾಗಿದೆ.

ಅಕ್ಟೋಬರ್ 14, ಮಂಗಳವಾರ, ಬೆಳಗ್ಗೆ 10.20. ಹಿಂದಿನ ಬೀದಿಯ ಒಂದು ಚಿಕ್ಕ ಬಾಡಿಗೆ ಮನೆ. ವೃದ್ಧಾಶ್ರಮದ ನೀಲಿ ಸಮವಸ್ತ್ರದಲ್ಲಿದ್ದ, ಐವತ್ತೇಳರ ವಿಜಯಾ ಬಾಗಿಲು ತೆರೆದರು. ಸಾರ್ಜೆಂಟರನ್ನು ನೋಡಿದರು, ಕೇಶವಮೂರ್ತಿಯವರನ್ನು ನೋಡಿದರು.

"ಬಂದ್ರಾ? ತಟ್ಟೆ ತಂದ್ರಾ?"

"ಠಾಣೇಲಿದೆ, ವಿಜಯಕ್ಕ."

"ಬಸ್ ಹತ್ತಿದ್ಮೇಲೆ ನೆನಪಾಯ್ತಪ್ಪ. ವಾಪಸ್ ಹೋಗಿ ಕೇಳೋಕೆ ಮುಖ ಇರ್ಲಿಲ್ಲ. ಕೂತ್ಕೊಳಿ. ಅವ್ರಿಗೆ ಕಾಫಿ ಆಗುತ್ತೋ, ಟೀ ಮಾಡ್ಲೋ?"

ಕೇಶವಮೂರ್ತಿ ಕಾನೂನಿನ ಮಾತನ್ನು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳಿದರು. "ನೀವು ಮಾತಾಡ್ಲೇಬೇಕು ಅಂತೇನಿಲ್ಲ. ವಕೀಲರನ್ನ ಕೇಳ್ಬಹುದು."

"ಮಾತಾಡದೆ ಇದ್ದಿದ್ದಕ್ಕೇ ಕಣಪ್ಪ ಇಷ್ಟೆಲ್ಲ ಆಗಿದ್ದು."

ಕಾರ್ಟ್ರಿಜ್ ದೇವರ ಗೂಡಿನಲ್ಲಿ, ಗಣೇಶನಿಗೂ ಗಂಡನ ಫೋಟೊಗೂ ನಡುವೆ ಇತ್ತು. ಮಾಸಿದ ಮೂರು ಚುಕ್ಕಿಗಳ ಮೇಲೆ ಹೊಸ ಕುಂಕುಮ ಇಟ್ಟಿದ್ದರು. ಸಾರ್ಜೆಂಟ್ ಕೋಣೆಯನ್ನೊಮ್ಮೆ ಸುತ್ತ ನೋಡಿದರು.

"ಆಡೋ ಮಶೀನ್ ಎಲ್ಲಿ?"

ಕೇಶವಮೂರ್ತಿ ಕನ್ನಡದಲ್ಲಿ ಕೇಳಿದರು.

"ಅದನ್ನೂ ಅದೇ ಡಬ್ಬದಲ್ಲಿ ಹಾಕಿ ಮಾರ್ಬಿಟ್ನಲ್ಲ," ಎಂದರು ವಿಜಯಾ.

ಪತಿಯ ಹೆಸರು ಹೇಳಬೇಕು ಎಂದಾಗ ಅವರು ತಲೆ ತಗ್ಗಿಸಿದರು. "ತಟ್ಟೆ ಮೇಲಿದೆಯಲ್ಲಪ್ಪ. ನಾನ್ ಹೆಂಗೆ ಹೇಳ್ಲಿ?"

ಕೇಶವಮೂರ್ತಿ ತಾವೇ ಬರೆದುಕೊಂಡರು. ಆಮೇಲೆ ಪ್ರಶ್ನೆಗಳು ಕಡಿಮೆಯಾದವು.

"ಅವ್ರು ರಾತ್ರಿ ಡ್ಯೂಟಿ ಮುಗಿಸಿ ಏಳಕ್ಕೆ ಬರೋರು. ನಾನು ಆರೂವರೆಗೇ ಬಸ್ ಹಿಡೀಬೇಕು. ಬಂದು ಮಲಗೋದ್ ಬಿಟ್ಟು ಇದನ್ನ ಹಾಕ್ಕೊಂಡು ಕೂರೋರು. ಎಂಜಿನಿಯರ್ ಆಗಿದ್ದೋರು ಮಕ್ಕಳಾಟ ಆಡ್ತಾರಲ್ಲ ಅಂತ ನಂಗೆ ಮೈಯೆಲ್ಲ ಉರೀತಿತ್ತು. ಆಯುಧಪೂಜೆ ದಿನ ಇದಕ್ಕೂ ಕುಂಕುಮ ಇಡೋರು. 'ಒಂದ್ಸಲ ನೋಡು ಬಾರೆ, ನಿಂಗೇ ಏನೋ ಬರ್ದಿದೀನಿ' ಅನ್ನೋರು ಭಾನುವಾರ. ನಂಗೆ ಪುರುಸೊತ್ತಿಲ್ಲ ಅಂದೆ. ಎಷ್ಟು ಸಲ ಅಂದೆ ಗೊತ್ತಾ? ಆಮೇಲೆ ಮಾತೇ ಬಿಟ್ಟೆ. ಆರು ತಿಂಗಳು. ಬೂತಲ್ಲೇ ಹೋದ್ರು."

ಮೂರು ತಿಂಗಳ ನಂತರ ಆ ಡಬ್ಬವನ್ನು ಅಂಗಳದಲ್ಲಿಟ್ಟು ಮಾರಿದ್ದರು. ಕಣ್ಣೆದುರಿಂದ ಹೋದರೆ ಸಾಕಾಗಿತ್ತು.

"ಈ ತಿಂಗಳು ಪೇಪರ್ ನೋಡ್ದೆ," ಎಂದು ಮಡಿಚಿಟ್ಟಿದ್ದ ತುಣುಕನ್ನು ಬಿಚ್ಚಿ, ಭೂತಗನ್ನಡಿಯ ಜೊತೆ ಕೊಟ್ಟರು. ಟಕರನ ಫೋಟೊ. ಅವನ ಹೆಗಲ ಹಿಂದೆ ಟಿವಿ. ಕೇಶವಮೂರ್ತಿ ಗಾಜನ್ನು ಹಿಂದೆ ಮುಂದೆ ಆಡಿಸಿದರು. ಇರುವೆಗಳು ಅಕ್ಷರಗಳಾದವು. ಇಂಗ್ಲಿಷ್ ಲಿಪಿಯಲ್ಲಿ ಹನ್ನೆರಡು ಅಕ್ಷರ, ಮೂರು ಕನ್ನಡ ಮಾತು. ಅವರು ತುಣುಕನ್ನು ಹಾಗೆಯೇ ಮಡಿಚಿದರು.

"ಕೇಳ್ಬಹುದಿತ್ತಲ್ಲ ಅವನನ್ನ?"

"ಕೇಳೋಕೇ ಹೋಗಿದ್ದು. ಕೊಡುಬಳೆ ಮಾಡ್ಕೊಂಡು. ಎರಡು ಗಂಟೆ ನಿಂತಿದ್ದೆ. ಬ್ಯಾಟರಿ ಬದಲಿಸಿದ್ರೆ ಹಳೇದೆಲ್ಲ ಹೋಗುತ್ತೆ ಅಂತ ಯಾರಿಗೋ ಹೇಳ್ತಿದ್ದ. ತೆಗೀಬೇಡಿ ಅಂದೆ. ಮಾರಾಗಿದೆ 'ಲವ್' ಅಂದ, ಇಲ್ಲಿಯೋರು ಎಲ್ಲ ಹೆಂಗಸರಿಗೂ ಅನ್ನೋ ಹಾಗೆ, ಬೆನ್ನು ತಟ್ದ, ಕೊಡುಬಳೆ ಚೆನ್ನಾಗಿದೆ ಅಂದ, ಹೋದ." ತಮ್ಮ ಅಂಗೈ ನೋಡಿಕೊಂಡು, "ಕದೀಬೇಕು ಅಂತ ಕೈಗೇ ಗೊತ್ತಿರ್ಲಿಲ್ಲಪ್ಪ. ಚೀಲದಲ್ಲಿತ್ತು," ಎಂದರು.

10.55ಕ್ಕೆ ದಸ್ತಗಿರಿ. ಸಾರ್ಜೆಂಟ್ ಬೇಡಿ ಹಾಕಲಿಲ್ಲ. ವಿಜಯಾ ಗ್ಯಾಸ್ ಆರಿಸಿ, ವೃದ್ಧಾಶ್ರಮಕ್ಕೆ ಫೋನ್ ಮಾಡಿ ಇವತ್ತು ಬರಲಾಗುವುದಿಲ್ಲ, ಹೊರಗೆ ಕೆಲಸವಿದೆ ಎಂದರು.

ಠಾಣೆಯಲ್ಲಿ 1.15ಕ್ಕೆ ಊಟ ಕೊಟ್ಟರು. ವಿಜಯಾ ಮುಟ್ಟಲಿಲ್ಲ. ಬೆಳಗ್ಗೆಯಿಂದ ಏನೂ ತಿಂದಿಲ್ಲ ಎನ್ನುವುದನ್ನೂ ಸೇರಿಸಿ ರಿಜಿಸ್ಟರಿನಲ್ಲಿ ಬರೆಯಲಾಯಿತು.

ಮಧ್ಯಾಹ್ನ ಕೇಶವಮೂರ್ತಿ ಸಾರ್ಜೆಂಟರ ಮೇಜಿನ ಮುಂದೆ ನಿಂತರು.

"ಮಾಲು ಅದೇನಾ ಅಂತ ಚಾಲೂ ಮಾಡಿ ನೋಡ್ಬೇಕು, ಮ್ಯಾಮ್. ಇಬ್ಬರು ಪಂಚರ ಸಮಕ್ಷಮ. ಆರೋಪಿನೂ ಇರ್ಬೇಕು."

"ಯಾವ ಕಾನೂನಲ್ಲಿದೆ ಅದು?"

"ಮೈಸೂರಿಂದು."

ಸಾರ್ಜೆಂಟ್ ಮೇಜಿನ ಫೋನನ್ನು ಅವರ ಕಡೆ ಸರಿಸಿದರು. "ಟಕರ್‌ಗೆ ಮಶೀನ್ ತರೋಕೆ ಹೇಳು," ಎಂದರು.

3.40ಕ್ಕೆ ವಿಚಾರಣಾ ಕೊಠಡಿಯಲ್ಲಿ ಟಿವಿ ಜೋಡಿಸಲಾಯಿತು. ಪಂಚರು: ಒಂದು, ಮೆರೆ ತಮಿಹಾನ. ಎರಡು, ಬ್ರೆಂಡನ್ ಟಕರ್. ವಿಜಯಾ ಕುರ್ಚಿಯ ಅಂಚಿನಲ್ಲಿ ಕೂತಿದ್ದರು. ಟಕರ್ ಅವರ ಮುಖ ನೋಡಿದ. "ಓ... ಆ ತಿಂಡಿ," ಎಂದ. ಅದರ ಹೆಸರು ಅವನಿಗೆ ಗೊತ್ತಿರಲಿಲ್ಲವಾದ್ದರಿಂದ ಬೆರಳಿನಲ್ಲಿ ಬಳೆ ತೋರಿಸಿದ.

ಯಂತ್ರ ಚಾಲೂ ಆಯಿತು. ಸಮುದ್ರ, ದೋಣಿ, ಸಂಜೆಯ ಬಣ್ಣ. ಒಬ್ಬ ಪುಟ್ಟ ಮನುಷ್ಯ ಕೈಯಲ್ಲಿ ದೀಪ ಹಿಡಿದು ನಿಂತಿದ್ದ. ಟಕರ್ ಅವನನ್ನು ನಡೆಸಿಕೊಂಡು ಒಂದು ಮನೆಯ ಬಾಗಿಲಿಗೆ ಬಂದ. ಬಾಗಿಲಿನ ಮೇಲೊಂದು ಹಲಗೆ. ಆಡುವವರು ಬೇಕಾದ್ದು ಬರೆಯಬಹುದಾದ ಹಲಗೆ. ಅದರ ಮೇಲೆ ಅದೇ ಹನ್ನೆರಡು ಇಂಗ್ಲಿಷ್ ಅಕ್ಷರಗಳಲ್ಲಿ ಇತ್ತು: *ವಿಜಿ ಊಟ ಆಯ್ತಾ*

"ಏನದು?" ಸಾರ್ಜೆಂಟ್ ಮೆಲ್ಲಗೆ ಕೇಳಿದರು.

ಕೇಶವಮೂರ್ತಿ ಅರ್ಥ ಹೇಳಿದರು. ಟಕರ್ ಕಂಟ್ರೋಲರನ್ನು ಮೊಣಕಾಲ ಮೇಲಿಟ್ಟುಕೊಂಡು ಅದನ್ನೇ ನೋಡುತ್ತ ಕೂತ. ಪರದೆಯ ಮೇಲಿನ ಮನುಷ್ಯ ಬಾಗಿಲಲ್ಲಿ ನಿಂತೇ ಇದ್ದ. ಯಾರೂ ಗುಂಡಿ ಒತ್ತದಿದ್ದರೆ ಅವನು ಹಾಗೆಯೇ ನಿಂತಿರುತ್ತಾನೆ.

ವಿಜಯಾ ಸೆರಗು ಇಲ್ಲದ ಸಮವಸ್ತ್ರದಲ್ಲಿ ಸೆರಗು ಹುಡುಕಿ, ಸಿಗದೆ, ಅಂಗೈಯಿಂದ ಮುಖ ಒರೆಸಿಕೊಂಡರು. ಪರದೆಯ ಕಡೆ ಸ್ವಲ್ಪ ಬಾಗಿದರು.

"ಆಯ್ತು ರೀ," ಎಂದರು. "ನಿಮ್ದು?"

ಮುಂದಿನದನ್ನು ಕಡತ ನಾಲ್ಕು ಸಾಲಿನಲ್ಲಿ ಹೇಳುತ್ತದೆ. ಮೊದಲ ತಪ್ಪಾದ್ದರಿಂದ ವಿಜಯಾ ಕ್ಷಮೆಪತ್ರ ಬರೆದುಕೊಟ್ಟರು, ಪ್ರಕರಣ ಶಿಕ್ಷೆಯಿಲ್ಲದೆ ಮುಗಿಯಿತು. ಮಾಲು ಕಾನೂನಿನಂತೆ ಟಕರನಿಗೆ ಹೋಯಿತು. ಟಕರ್ ಕೊಂಡವನಿಗೆ ಫೋನ್ ಮಾಡಿ, ಹಣ ವಾಪಸ್ ಕೊಡುತ್ತೇನೆ ಎಂದನಂತೆ. ಆತ ಒಪ್ಪಲಿಲ್ಲ. ಹತ್ತು ವರ್ಷದಿಂದ ಅದನ್ನೇ ಹುಡುಕುತ್ತಿದ್ದನಂತೆ. ಹದಿನೆಂಟನೇ ತಾರೀಖು ಬ್ಯಾಟರಿ ಬದಲಾಯಿತು, ಪಾರ್ಸೆಲ್ ರಿಕ್ಕರ್ಟನ್‌ಗೆ ಹೋಯಿತು.

ಕಡತ ಮುಚ್ಚುವ ದಿನ ಸಾರ್ಜೆಂಟ್ ತಮಿಹಾನ ಪಂಚನಾಮೆಯನ್ನು ಇಂಗ್ಲಿಷಿನಲ್ಲಿ ಓದಿಸಿಕೊಂಡರು. ಒಂದು ಕಡೆ ತಡೆದರು.

"ಇಲ್ಲೊಂದು ತಪ್ಪಿದೆ, ಮೂರ್ತಿ. ರಿಜಿಸ್ಟರಲ್ಲಿ 1.15ಕ್ಕೆ ಊಟ ಮಾಡಿಲ್ಲ ಅಂತಿದೆ. ನಿನ್ನ ಪುಸ್ತಕದಲ್ಲಿ 3.52ಕ್ಕೆ, ಊಟ ಆಗಿದೆ ಅಂತ ಆರೋಪಿ ತಿಳಿಸಿದರು ಅಂತಿದೆ. ಮಧ್ಯದಲ್ಲಿ ಯಾರೂ ಏನೂ ಕೊಟ್ಟಿಲ್ಲ. ಯಾವುದನ್ನ ಸರಿ ಮಾಡೋಣ?"

ಎಮ್ಮೆಯ ಒಂಬತ್ತು ಪುಟದಲ್ಲೂ ಒಂದೇ ಒಂದು ತಪ್ಪಿಗೆ ಜಾಗ ಕೊಡದಿದ್ದ ಕೇಶವಮೂರ್ತಿ ಪೆನ್ನಿಗೆ ಮುಚ್ಚಳ ಹಾಕಿದರು.

"ಎರಡೂ ಇರ್ಲಿ, ಮ್ಯಾಮ್."