ಅವಳೊಬ್ಬಳಿಗೇ ಕಾಣುವ ಕೆಂಪು

ಈ ಸಲವೂ ಪರದೆಯ ತುಂಬ ಕೆಂಪು ಸಾಲುಗಳೇ ಬಂದವು.

ಪ್ರಮೋದಾ ತುಟಿ ಕಚ್ಚಿಕೊಂಡಳು. ಬರೆದ ಕೋಡ್ ತಂಡದವರ ಕೈ ಸೇರುವ ಮೊದಲೇ ಈ ತಪಾಸಣೆ ತಾನಾಗಿ ನಡೆದು, ತಪ್ಪು ಕಂಡರೆ ಕೆಂಪು ತೋರಿಸಿ ತಡೆದು ನಿಲ್ಲಿಸುತ್ತಿತ್ತು. ಅದನ್ನು ಹಾಕಿದವನು ತಂಡದ ಮುಖ್ಯಸ್ಥ ಸುನಿಲ್‌ಕುಮಾರ್. ಅದೂ ಯಾವಾಗ? ಮೀಟಿಂಗಿನಲ್ಲಿ ಮ್ಯಾನೇಜರ್ ಅವಳ ತಪ್ಪನ್ನು ದೊಡ್ಡ ಪರದೆಯಲ್ಲಿ ಎಲ್ಲರಿಗೂ ತೋರಿಸಿ ಬೈದ ಮಾರನೆಯ ದಿನವೇ!

‘ನನ್ನ ಮೇಲೆ ಕಾವಲು...’

ಗಂಡ ತೀರಿಕೊಂಡ ಮೇಲೆ ಅವಳ ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಬರೆಯುತ್ತಾ ಬರೆಯುತ್ತಾ ಆಸ್ಪತ್ರೆಯ ವರಾಂಡ ಕಣ್ಣ ಮುಂದೆ ಬಂದುಬಿಡುತ್ತಿತ್ತು. ಕೆಲಸ ಬಿಟ್ಟು ಕುಂದಾಣದ ತವರಿಗೆ ಹೋಗುವುದೆಂದು ತೀರ್ಮಾನವೂ ಆಗಿತ್ತು. ಭಾನುವಾರ ಅಣ್ಣ ಕೊಂಡಪ್ಪ ಕರೆದೊಯ್ಯಲು ಬರುವವನಿದ್ದ.

“ಏನಕ್ಕಾ, ಇನ್ನೂ ಪಾಸಾಗಿಲ್ವಾ? ಎಸ್ಸೆಸ್ಸೆಲ್ಸಿನೇ ವಾಸಿ ಕಣಕ್ಕಾ!” ಪಕ್ಕದ ನವ್ಯಶ್ರೀ ನಕ್ಕಳು.

ತಮಾಷೆಗೇ ಅಂದದ್ದು. ಆದರೆ ಚುಚ್ಚಿತು. ಪ್ರಮೋದಾ ತಪಾಸಣೆಯನ್ನೇ ತಪ್ಪಿಸಿ, ಕೋಡನ್ನು ತಂಡಕ್ಕೆ ಹಾಗೇ ಕಳಿಸಿಬಿಟ್ಟಳು!

ಊಟದ ಹೊತ್ತಿಗೆ ದೊಡ್ಡಬಳ್ಳಾಪುರದ ಆ ಪುಟ್ಟ ಆಫೀಸಿನಲ್ಲಿ ಎಲ್ಲರ ಕೆಲಸವೂ ನಿಂತಿತ್ತು. ಅವಳ ಕೋಡ್ ಸೇರಿದ್ದೇ, ಅವರು ತಯಾರಿಸುತ್ತಿದ್ದ ಸೀರೆ ಮಾರುವ ಆ್ಯಪ್ ಯಾರ ಕಂಪ್ಯೂಟರಿನಲ್ಲೂ ತೆರೆಯುತ್ತಿಲ್ಲ. ಕೆಳಗಿನ ಬೀದಿಯ ಮಗ್ಗಗಳ ಸದ್ದಷ್ಟೇ ಕೇಳುತ್ತಿತ್ತು.

ಸುನಿಲ್ ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತ. ಬೈಯಲಿಲ್ಲ. ಇಬ್ಬರೂ ಸೇರಿ ಸರಿಮಾಡಿದಾಗ ಉಳಿದವರೆಲ್ಲ ಊಟಕ್ಕೆ ಇಳಿದಿದ್ದರು.

“ಯಾಕ್ರೀ ಹಂಗೆ ತಪಾಸಣೆ ತಪ್ಪಿಸಿ ಕಳಿಸ್ಬಿಟ್ರಿ?”

“ನನ್ನಿಂದ ತಾನೇ ಸಾರ್ ಅದನ್ನ ಹಾಕಿದ್ದು? ನಿಜ ಹೇಳಿ!”

“ಹೌದು. ನಿಮ್ಮಿಂದಾನೇ.”

ಅವಳು ತಿರುಗಿ ಅವನ ಮುಖ ನೋಡಿದಳು.

“ಆವತ್ತು ಮೀಟಿಂಗ್ ಮುಗಿದ್ಮೇಲೆ ಮೆಟ್ಟಿಲ ಹತ್ರ ನಿಂತು ಅಳ್ತಿದ್ರಿ. ನೋಡಕ್ಕಾಗ್ಲಿಲ್ಲ ಕಣ್ರೀ... ತಪ್ಪು ಎಲ್ರೂ ಮಾಡ್ತೀವಿ. ಮಾಡಿದೋರಿಗೇ ಮೊದ್ಲು ಗೊತ್ತಾದ್ರೆ ಸದ್ದಿಲ್ದೆ ತಿದ್ಕೋಬಹುದಲ್ಲಾ? ನಿಮ್ಮ ತಪ್ಪಿನ ಕೆಂಪು ನಿಮ್ಮ ಕಂಪ್ಯೂಟರಲ್ಲಿ ಮಾತ್ರ ಬರುತ್ತೆ. ಮ್ಯಾನೇಜರ್‌ಗೂ ಕಾಣಲ್ಲ, ನನಗೂ ಕಾಣಲ್ಲ.”

‘ತಿಂಗಳಿಂದ ಯಾರನ್ನು ಶಪಿಸುತ್ತಾ ಕೂತಿದ್ದೆ ನಾನು!’

ಅವಳು ಮುಖ ಮುಚ್ಚಿಕೊಂಡು ಬಿಕ್ಕಿದಳು. “ಅವ್ರು ಹೋದ್ಮೇಲೆ ನನ್ನ ತಲೆನೇ ಸರಿಯಿಲ್ಲ ಸಾರ್...”

“ಸರಿಹೋಗೋವರೆಗೂ ಹೀಗೇ ಬನ್ನಿ. ನೀವು ಬಂದ್ರೆ ನನಗೆ ಅಷ್ಟೇ ಸಾಕು.” ಅಂದವನೇ ಬೆಚ್ಚಿದ. “ಬಾಯಿ ತಪ್ಪಿ ಬಂದ್ಬಿಡ್ತು... ಮರೆತ್ಬಿಡಿ.”

“ಸುಳ್ಳಾ ಅದು?”

“ಸುಳ್ಳಲ್ಲ.” ಅವನ ದನಿ ಇಳಿಯಿತು. “ಆದ್ರೆ ನಿಮಗೆ ಇನ್ನೊಂದು ಭಾರ ಆಗ್ಬಾರ್ದು.”

ಅವಳು ಕಣ್ಣೊರೆಸಿಕೊಂಡು ಡಬ್ಬಿ ತೆರೆದಳು. “ಅವರೆಕಾಳು ಉಪ್ಪಿಟ್ಟು. ಆರ್ಹೋಗಿದೆ.”

“ಆರಿದ್ದೇ ರುಚಿ, ಕೊಡಿ.”

ಅವಳಿಗೆ ನಗು ಬಂತು. ಬೆನ್ನಿಗೇ ಗಂಡನ ಮುಖವೂ ಕಣ್ಣ ಮುಂದೆ ಬಂತು... ಆ ಮುಖ ಎಲ್ಲಿಗೂ ಹೋಗುವುದಿಲ್ಲ, ಅವಳಿಗೆ ಗೊತ್ತು. ಈ ನೋವಿನ ಜೊತೆಗೇ ಬದುಕಬೇಕು.

“ನಾಳೆ ಬರ್ತೀರಲ್ವಾ?” ಸುನಿಲ್ ತಲೆ ತಗ್ಗಿಸಿಯೇ ಕೇಳಿದ.

“ಹ್ಞೂಂ.”

ಅಷ್ಟೇ ಅಂದಳು. ಭಾನುವಾರ ಬರಬೇಡ ಅಂತ ಅಣ್ಣನಿಗೆ ಸಂಜೆ ಹೇಳಬೇಕು. ಯಾಕೆಂದು ಅವನು ಕೇಳಿಯೇ ಕೇಳುತ್ತಾನೆ...

ಕೇಳಲಿ. ಕಾರಣ ಸದ್ಯಕ್ಕೆ ತನ್ನೊಳಗೇ ಇರಲಿ.